ತಿರುಗುಮುರುಗಾದ ಹನ್ನೊಂದು ರೀಲು

ನನಗೆ ಹನ್ನೊಂದು ತುಂಬಿದ ವರ್ಷ ನನ್ನ ಎಡಗೈಯಲ್ಲಿ ಹನ್ನೆರಡು ಗಾಜಿನ ಬಳೆಗಳಿದ್ದವು, ಬಲಗೈಯಲ್ಲಿ ಎರಡು. ಅದು ಶೃಂಗಾರವಲ್ಲ, ಅಮ್ಮ ಹೂಡಿದ ಉಪಾಯ. ನಮ್ಮ ಮನೆಯಲ್ಲಿ ಹೆತ್ತವಳನ್ನು ಅವ್ವ ಎಂದೂ ತಂದೆಯ ತಾಯಿಯನ್ನು ಅಮ್ಮ ಎಂದೂ ಕರೆಯುವ ರೂಢಿ. ಇಲ್ಲಿ ಅಮ್ಮ ಎಂದಾಗಲೆಲ್ಲ ಅಜ್ಜಿ ಎಂದೇ ತಿಳಿಯಬೇಕು. ನಾನು ಹುಟ್ಟಿನಿಂದ ಎಡಗೈಯವಳು. ಪೆನ್ಸಿಲ್ಲಿಗೆ, ಕಸಬರಿಗೆಗೆ, ರೊಟ್ಟಿ ಮುರಿಯುವುದಕ್ಕೆ, ಎಲ್ಲದಕ್ಕೂ ಎಡಗೈ ತಾನಾಗಿ ಮುಂದೆ ಬರುತ್ತಿತ್ತು. ಶಾಲೆಯಲ್ಲಿ ಹುಡುಗರು ರೊಡ್ಡಿ ಎನ್ನುತ್ತಿದ್ದರು. ಎಡಗೈಯವರನ್ನು ಹಂಗಿಸಲು ನಮ್ಮ ಕಡೆ ಇರುವ ಮಾತು ಅದು. ಶಾಲೆಯ ಮಾತನ್ನು ಶಾಲೆಯಲ್ಲೇ ಬಿಟ್ಟು ಬರಬಹುದಿತ್ತು. ಮನೆಯಲ್ಲಿ ಅಮ್ಮ ಇದ್ದಳು. ಒಲೆಯ ಮುಂದೆ ಕುಳಿತ ಅಮ್ಮನಿಗೆ ಪಡಸಾಲೆ ಕಾಣುತ್ತಿರಲಿಲ್ಲ, ಆದರೆ ಸಪ್ಪಳ ಕೇಳುತ್ತಿತ್ತು. ಎಮ್ಮೆಯ ಕೊರಳಿಗೆ ಗಂಟೆ ಕಟ್ಟಿದ ಹಾಗೆ ನನ್ನ ಎಡಗೈಗೆ ಬಳೆ ತೊಡಿಸಿದ್ದಳು. ಅವು ಗಲ್ ಎಂದ ಕೂಡಲೇ ಒಳಗಿನಿಂದ ಎರಡೇ ಶಬ್ದ ಬರುತ್ತಿದ್ದವು.

“ಗೌರೀ, ಕೈ.”

ನಾನು ಆಗಲೇ ದಿನಚರಿ ಬರೆಯುತ್ತಿದ್ದೆ. ಅಪ್ಪನ ತಮ್ಮ ಮಲ್ಲು ಕಾಕಾ ತನ್ನ ಅಂಗಡಿಯಿಂದ ತಂದುಕೊಟ್ಟ ಉದ್ದನೆಯ ಪುಸ್ತಕದಲ್ಲಿ ಪಟ್ಟಿ ಹಿಡಿದು ಗೆರೆ ಎಳೆದು ಮನೆಗಳನ್ನು ಮಾಡಿಕೊಂಡಿದ್ದೆ. ತಾರೀಖು, ವಾರ, ಎಷ್ಟು ರೊಟ್ಟಿ ತಿಂದೆ, ಯಾವ ಪಲ್ಯ, ಯಾರು ಬಂದರು, ಯಾರು ಹೋದರು. ಕೊನೆಯ ಮನೆಯ ಮೇಲೆ ಬರೀ ‘ಕೈ’ ಎಂದು ಬರೆದಿದ್ದೆ. ಅಮ್ಮ ಎಷ್ಟು ಸಲ ಕೂಗಿದಳು ಎಂಬ ಲೆಕ್ಕ ಅಲ್ಲಿ ಬೀಳುತ್ತಿತ್ತು. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಅತಿ ಕಡಿಮೆ ಎಂದರೆ ನಾಲ್ಕು, ಅದು ನನಗೆ ಜ್ವರ ಬಂದು ಮಲಗಿದ ದಿನ. ಅತಿ ಹೆಚ್ಚು ಮೂವತ್ತೊಂದು, ಅಂದು ಮನೆಯಲ್ಲಿ ಹೋಳಿಗೆ ಮಾಡಿದ್ದರು.

ಹಾನಗಲ್ಲಿನ ನಮ್ಮ ಮನೆ ಉದ್ದಕ್ಕೆ ಕಟ್ಟಿದ ಮನೆ. ಮುಂದೆ ಕಟ್ಟೆ, ಆಮೇಲೆ ಪಡಸಾಲೆ, ನಡುಮನೆ, ಅಡುಗೆಮನೆ, ಅದರ ಹಿಂದೆ ಹಿತ್ತಲು. ಹಿತ್ತಲ ಬಾಗಿಲಲ್ಲಿ ನಿಂತರೆ ಬಲಕ್ಕೆ ಬಾವಿ, ಎಡಕ್ಕೆ ಬಯಲೊಲೆ. ಊಟಕ್ಕೆ ಎಲ್ಲರೂ ನಡುಮನೆಯಲ್ಲಿ ಒಂದೇ ಸಾಲಿನಲ್ಲಿ ಕುಳಿತುಕೊಳ್ಳಬೇಕು. ನನ್ನ ಜಾಗ ಗೋಡೆಯ ಮಗ್ಗುಲಿಗೆ, ಸಾಲಿನ ಎಡತುದಿಯಲ್ಲಿ. ಮರೆತು ಎಡಗೈ ಎತ್ತಿದರೂ ಮೊಣಕೈ ಪಕ್ಕದವರಿಗೆ ತಾಗಬಾರದೆಂದು ಹಾಗೆ. ಎಡಗೈಯಿಂದ ಅರಿಷಿಣ ಕುಂಕುಮ ಕೊಡಬಾರದು, ನೀರು ಕೊಡಬಾರದು, ದಾನ ಕೊಡಬಾರದು, ಉಣ್ಣುವುದಂತೂ ಕೂಡದು. ಇದನ್ನೆಲ್ಲ ಅಮ್ಮ ಸಿಟ್ಟಿನಿಂದ ಹೇಳುತ್ತಿರಲಿಲ್ಲ, ಅಕ್ಕಿಯಲ್ಲಿ ಕಲ್ಲು ಆರಿಸುವವಳ ತಾಳ್ಮೆಯಿಂದ ಹೇಳುತ್ತಿದ್ದಳು. ನಮ್ಮದು ಲಿಂಗ ಕಟ್ಟುವ ಮನೆತನ. ಪೂಜೆಗೆ ಕುಳಿತಾಗ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಬಲಗೈಯಿಂದ ಬಿಲ್ವಪತ್ರಿ ಏರಿಸುತ್ತಾರೆ. ನನಗೂ ಆ ವರ್ಷ ದೀಕ್ಷೆ ಕೊಡಿಸುವ ಮಾತಿತ್ತು. ಒಂದು ದಿನ ನಾನು ಬಹಳ ಯೋಚನೆ ಮಾಡಿ, ಗೆದ್ದೆನೆಂದುಕೊಂಡು, ಅಮ್ಮನನ್ನು ಕೇಳಿದೆ.

“ಅಮ್ಮಾ, ಲಿಂಗಯ್ಯ ಯಾವ ಕೈಯಾಗ ಕುಂಡ್ರತಾನ?”

“ಎಡಗೈಯಾಗ.”

“ಮತ್ತ ಎಡಗೈ ಹೊಲಸು ಹ್ಯಾಂಗ ಆತು?”

“ಹೊಲಸು ಅಂತ ಯಾರ ಅಂದ್ರು? ಅಂವ ಕುಂಡ್ರೂ ಜಾಗ ಅದು. ದೇವರ ಜಗಲಿ ಮ್ಯಾಲೆ ಯಾರರ ರೊಟ್ಟಿ ಬಡೀತಾರೇನ?”

ಅಂದಿನ ದಿನಚರಿಯಲ್ಲಿ ‘ಅಮ್ಮ ಗೆದ್ದಳು’ ಎಂದಿದೆ, ಎಡಗೈ ಬರಹದಲ್ಲಿ. ಬರೆಯುವುದು ಅಮ್ಮನಿಗೆ ಕಾಣದಂತೆ ಮಾಳಿಗೆಯ ಮೇಲೆ ನಡೆಯುತ್ತಿತ್ತು. ಬಳೆಗಳನ್ನು ಮೊಣಕೈವರೆಗೆ ಏರಿಸಿ ಕರವಸ್ತ್ರ ಸುತ್ತಿಕೊಂಡರೆ ಸಪ್ಪಳವಾಗುತ್ತಿರಲಿಲ್ಲ.

ಅದೇ ಬೇಸಿಗೆಯಲ್ಲಿ ಮಣ್ಣಿನ ಮಾಳಿಗೆ ತೆಗೆಸಿ ಸಿಮೆಂಟು ಹಾಕಿಸುವುದೆಂದಾಯಿತು. ಮಲ್ಲು ಕಾಕಾ ಅಟ್ಟದ ಸಾಮಾನು ಇಳಿಸುತ್ತಿದ್ದಾಗ ಅಜ್ಜನ ಟ್ರಂಕು ಸಿಕ್ಕಿತು. ಅಜ್ಜ ಸವಣೂರಿನ ವೀಳ್ಯದೆಲೆಯನ್ನು ಮುಂಬೈಗೆ ಕಳಿಸುವ ವ್ಯಾಪಾರ ಮಾಡುತ್ತಿದ್ದ. ಅಲ್ಲಿಯ ಒಬ್ಬ ಸೇಠ ಅವನಿಗೆ ಕೈಯಲ್ಲಿ ಹಿಡಿಯುವ ಸಣ್ಣ ಸಿನಿಮಾ ಕ್ಯಾಮೆರಾ ಕೊಟ್ಟಿದ್ದನಂತೆ. ಅಜ್ಜ ಕೆಲವು ವರ್ಷ ಅದರ ಹುಚ್ಚಿನಲ್ಲಿದ್ದು, ತೋರಿಸುವ ಯಂತ್ರದ ಬಲ್ಬು ಸುಟ್ಟ ಮೇಲೆ ಎಲ್ಲವನ್ನೂ ಟ್ರಂಕಿಗೆ ಹಾಕಿಟ್ಟಿದ್ದ. ನಾನು ಮೂರು ವರ್ಷದವಳಿದ್ದಾಗ ಅವನು ತೀರಿಕೊಂಡ. ನನಗೆ ಅವನ ನೆನಪಿಲ್ಲ. ಟ್ರಂಕು ತೆರೆದಾಗ ಹುಳಿ ವಾಸನೆ ಬಂತು, ಉಪ್ಪಿನಕಾಯಿ ಕೆಟ್ಟ ಹಾಗೆ. ಒಳಗೆ ಅಂಗೈಯಗಲದ ಹನ್ನೊಂದು ತಗಡಿನ ಡಬ್ಬಿಗಳು. ಪ್ರತಿಯೊಂದರ ಮೇಲೂ ಚೀಟಿ ಅಂಟಿಸಿ ಅಜ್ಜ ಅಂಕಿ ಹಾಕಿ ಬರೆದಿದ್ದ: ಅಣ್ಣನ ಲಗ್ನ, ಅಪ್ಪನ ಪೂಜಿ, ಅಂಗಡಿ, ಸವಣೂರ ಎಲಿತೋಟ, ತೊಟ್ಟಲ. ಒಂಬತ್ತನೆಯ ಡಬ್ಬಿಯ ಮೇಲೆ ಮಾತ್ರ ‘ನಿಂಗವ್ವ’ ಎಂದಷ್ಟೇ ಇತ್ತು. ಅದು ಅಮ್ಮನ ಹೆಸರು. ಅಜ್ಜ ಆ ಹೆಸರನ್ನು ಬಾಯಿಬಿಟ್ಟು ಕರೆದದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ‘ಏ ಇಕಿ’ ಎನ್ನುತ್ತಿದ್ದನಂತೆ. ಅಮ್ಮ ಅಂದು ಹೊಲಕ್ಕೆ ಹೋಗಿದ್ದಳು, ಚೀಟಿಯನ್ನು ನೋಡಲಿಲ್ಲ. ನಾನು ಹನ್ನೊಂದೂ ಹೆಸರುಗಳನ್ನು ಅಂಕಿ ಸಹಿತ ಇಳಿಸಿಕೊಂಡೆ.

ರೀಲುಗಳು ಬೇಕಾಗಿದ್ದದ್ದು ಮುಖ್ಯವಾಗಿ ಹಿರೇಕೆರೂರಿನ ದೊಡ್ಡಮ್ಮನಿಗೆ. ಅವಳು ಅಜ್ಜನ ಅಣ್ಣನ ಹೆಂಡತಿ. ಮೊದಲು ಇದೇ ಮನೆಯಲ್ಲಿ ಹಿರಿಸೊಸೆಯಾಗಿ ಆಳಿ, ಪಾಲಾದ ಮೇಲೆ ಹಿರೇಕೆರೂರು ಸೇರಿದವಳು. ಗಂಡ ಸತ್ತು ಬಹಳ ವರ್ಷವಾಗಿತ್ತು, ಅವನದೊಂದು ಹಾರ ಹಾಕಿದ ಫೋಟೋ ಬಿಟ್ಟರೆ ಬೇರೇನೂ ಅವಳಲ್ಲಿ ಇರಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಲಗ್ನದ ರೀಲು ಸಿಕ್ಕಿತೆಂದು ಕಾಕಾ ಫೋನಿನಲ್ಲಿ ಹೇಳಿದ ಕೂಡಲೇ, ಹೊಸ ಕಣ್ಣಿನಿಂದ ಮೊದಲು ಅವರನ್ನೇ ನೋಡುತ್ತೇನೆ, ಬೇಗ ಮಾಡಿಸು ಎಂದು ಪಟ್ಟು ಹಿಡಿದಳು.

ಶಿಗ್ಗಾವಿಯಲ್ಲಿ ಇಮಾಮಸಾಬರು ಎಂಬ ಹಳೆಯ ಫೋಟೋಗ್ರಾಫರು ಇಂಥ ರೀಲುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತಾರೆಂದು ಗೊತ್ತಾಯಿತು. ಕಾಕಾನ ಜೊತೆ ನಾನೂ ಹೋದೆ. ಗೊಟಗೋಡಿಯ ಶಿಲ್ಪವನಕ್ಕೆ ಬರುವ ಶಾಲೆಮಕ್ಕಳ ಗುಂಪುಫೋಟೋ ತೆಗೆಯುವುದು ಅವರ ಹೊಟ್ಟೆಪಾಡು, ರೀಲಿನ ಕೆಲಸ ಅವರ ಖುಷಿ. ಅವರ ಯಂತ್ರ ಅವರೇ ಜೋಡಿಸಿದ್ದು. ಹಳೆಯ ಪ್ರೊಜೆಕ್ಟರು ಫಿಲ್ಮಿನ ಒಂದೊಂದೇ ಚಿತ್ರವನ್ನು ಒಂದು ಕನ್ನಡಿಯ ಮೇಲೆ ಬಿಡುತ್ತದೆ. ಕನ್ನಡಿಯಲ್ಲಿ ಕಂಡದ್ದನ್ನು ಎದುರಿನ ಕ್ಯಾಮೆರಾ ಹಿಡಿಯುತ್ತದೆ. ಒಂದು ರೀಲಿನಲ್ಲಿ ಐವತ್ತು ಅಡಿ ಫಿಲ್ಮು, ಮೂರು ಸಾವಿರದ ಆರುನೂರು ಚಿತ್ರಗಳು. ಎಲ್ಲ ಸೇರಿ ಓಡಿದರೆ ಮೂರು ನಿಮಿಷ ಚಿಲ್ಲರೆ. ಹನ್ನೊಂದು ರೀಲಿಗೆ ಎಷ್ಟು ಚಿತ್ರ ಎಂದು ನಾನು ಅಲ್ಲೇ ಗುಣಿಸಿ ಮೂವತ್ತೊಂಬತ್ತು ಸಾವಿರದ ಆರುನೂರು ಎಂದೆ. ಅವರು ಕನ್ನಡಕ ಏರಿಸಿ ನನ್ನನ್ನು ನೋಡಿ, ಈ ಲೆಕ್ಕ ಗೊತ್ತಿದ್ದರೆ ತಾವು ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ ಎಂದರು. ಹುಳಿ ವಾಸನೆ ಬಂದ ಫಿಲ್ಮು ಇನ್ನೊಂದು ಮಳೆಗಾಲ ತಾಳುವುದಿಲ್ಲ, ಸರಿಯಾದ ಹೊತ್ತಿಗೆ ತಂದಿರಿ ಎಂದೂ ಹೇಳಿದರು.

ಮೂರು ವಾರದ ಮೇಲೆ ಕಾಕಾ ಪೆನ್‌ಡ್ರೈವ್ ತಂದ. ಅಂದು ಪಡಸಾಲೆಯ ಟಿವಿಯ ಮುಂದೆ ಅಮ್ಮ, ಅವ್ವ, ಕಾಕಾ, ನಾನು ಕುಳಿತೆವು. ಅಪ್ಪ ಅಡತಿ ಅಂಗಡಿಗೆ ಹೋಗಿದ್ದ. ಮೊದಲು ಬಂದದ್ದು ಲಗ್ನದ ಊಟ. ಸದ್ದಿಲ್ಲ, ಬಣ್ಣ ಸ್ವಲ್ಪ ಕೆಂಪಿಗೆ ತಿರುಗಿತ್ತು. ಉದ್ದನೆಯ ಸಾಲಿನಲ್ಲಿ ಪೇಟಾ ಸುತ್ತಿದ ಗಂಡಸರು ಕುಳಿತು ಉಣ್ಣುತ್ತಿದ್ದರು. ನಾನು ಎಲ್ಲರಿಗಿಂತ ಮೊದಲು ನೋಡಿದ್ದು ಕೈಗಳನ್ನು. ಒಬ್ಬ, ಇಬ್ಬರು, ಐದು ಜನ, ಇಡೀ ಸಾಲು ಎಡಗೈಯಿಂದ ಉಣ್ಣುತ್ತಿತ್ತು. ನಮ್ಮ ಮನೆತನವೇ ಎಡಗೈ ಮನೆತನ, ಇವರೆಲ್ಲ ಅದನ್ನು ನನ್ನಿಂದ ಮುಚ್ಚಿಟ್ಟಿದ್ದಾರೆ ಎಂದು ಒಂದು ಅರ್ಧ ನಿಮಿಷ ನಾನು ಪೂರ್ತಿ ನಂಬಿದೆ. ಎರಡನೆಯ ರೀಲು ಮುತ್ತಜ್ಜನ ಪೂಜೆ. ಅವನ ಲಿಂಗ ಬಲ ಅಂಗೈಯಲ್ಲಿತ್ತು, ಎಡಗೈ ಪತ್ರಿ ಏರಿಸುತ್ತಿತ್ತು. ತನ್ನ ಮಾವನನ್ನು ಹಾಗೆ ಕಂಡು ಅಮ್ಮ ಎದ್ದು ನಿಂತಳು.

“ಬಂದ್ ಮಾಡು ಮಲ್ಲೂ. ಮಾಮಾರ ಜೀವಮಾನದಾಗ ಹಿಂಗ ಪೂಜಿ ಮಾಡಿಲ್ಲ. ಇದು ಅಪಚಾರ.”

ಕಾಕಾ ಬಂದ್ ಮಾಡುವ ಮೊದಲು ಮೂರನೆಯ ರೀಲು ಶುರುವಾಗಿ ಅಂಗಡಿಯ ಬೋರ್ಡು ಕಾಣಿಸಿತು. ಅಕ್ಷರಗಳು ಹಿಂದುಮುಂದಾಗಿದ್ದವು. ಆಗ ಅವನಿಗೆ ತಿಳಿಯಿತು. ಕನ್ನಡಿಯಲ್ಲಿ ಹಿಡಿದ ಚಿತ್ರವನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿರುವಬೇಕು, ಇಮಾಮಸಾಬರು ಅದನ್ನು ಮರೆತಿದ್ದರು. ಫೋನು ಮಾಡಿದರೆ ಅವರು ಬಹಳ ನಾಚಿಕೊಂಡರು. ಒಂದೊಂದೇ ಚಿತ್ರ ಹಿಡಿಯುವಾಗ ನಾನು ಚಿತ್ರ ನೋಡುವುದಿಲ್ಲ, ಬರೀ ಬೆಳಕು ನೋಡುತ್ತೇನೆ ಎಂದರು. ಎಂಟು ದಿನದಲ್ಲಿ ಎಲ್ಲ ತಿರುವಿ ಕೊಡುವುದೆಂದು ಆಯಿತು. ನನ್ನ ಎಡಗೈ ಮನೆತನ ಅಲ್ಲಿಗೆ ಮುಗಿಯಿತು.

ಆದರೆ ಪೆನ್‌ಡ್ರೈವ್ ಟಿವಿಯ ಹಿಂದೆಯೇ ಉಳಿಯಿತು. ಶಾಲೆಗೆ ರಜೆ. ಮಧ್ಯಾಹ್ನ ಅಮ್ಮ ಮಲಗಿದಾಗ ನಾನು ಸದ್ದಿಲ್ಲದ ಆ ಚಿತ್ರಗಳನ್ನು ಹಾಕಿಕೊಂಡು ಕುಳಿತೆ. ತಪ್ಪೆಂದು ಗೊತ್ತಿದ್ದರೂ ಅಷ್ಟು ಜನ ಎಡಗೈಯಿಂದ ಕೆಲಸ ಮಾಡುವುದನ್ನು ನೋಡುವುದು ನನಗೆ ಹಿತವಾಗಿತ್ತು. ದಿನಚರಿಯ ಹಿಂದಿನ ಪುಟದಲ್ಲಿ ಎರಡು ಮನೆ ಮಾಡಿ, ಉಣ್ಣುವ, ಕೊಡುವ, ಬರೆಯುವ, ಬೀಸುವ ಪ್ರತಿಯೊಬ್ಬರಿಗೂ ಒಂದು ಗೀಟು ಹಾಕಿದೆ. ಎಂಟು ರೀಲು ಮುಗಿಯುವ ಹೊತ್ತಿಗೆ ಎಡ ಎಪ್ಪತ್ತಮೂರು, ಬಲ ಸೊನ್ನೆ. ಒಂಬತ್ತನೆಯದು ನಿಂಗವ್ವ. ನಮ್ಮ ಹಿತ್ತಲನ್ನು ಮೇಲಿನಿಂದ ತೆಗೆದ ಚಿತ್ರ. ಅಜ್ಜ ಮಾಳಿಗೆಯ ಮೇಲೆ ನಿಂತಿದ್ದಿರಬೇಕು. ಬೆಳಗಿನ ಬಿಸಿಲು. ಹದಿನೆಂಟು ಇಪ್ಪತ್ತರ ಒಬ್ಬ ಹೆಂಗಸು ಒಬ್ಬಳೇ ಬಗ್ಗಿ ನಿಂತು ರಂಗೋಲಿ ಹಾಕುತ್ತಿದ್ದಳು. ಗೆರೆ ಒಂದೇ ಎಳೆತಕ್ಕೆ ಹೋಗಿ ಸುತ್ತಿ ಬಂದು ತಾನು ಹೊರಟಲ್ಲೇ ಕೂಡುತ್ತಿತ್ತು. ಆಮೇಲೆ ಅವಳು ಬಯಲೊಲೆಯ ಮುಂದೆ ಕುಳಿತು ರೊಟ್ಟಿ ಬಡಿದಳು. ತಲೆ ಎತ್ತಲೇ ಇಲ್ಲ, ಮೇಲೆ ಯಾರಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ. ಎಲ್ಲವನ್ನೂ ಬಲಗೈ ಮಾಡುತ್ತಿತ್ತು. ಆ ಕೈಯ ತುಂಬ ಬಳೆ, ಇನ್ನೊಂದು ಕೈಗೆ ಎರಡೇ.

ಮೊದಲು ನನಗೆ ಆದದ್ದು ನಿರಾಶೆ. ಇಡೀ ಎಡಗೈ ಲೋಕದಲ್ಲಿ ಅಮ್ಮ ಒಬ್ಬಳೇ ಬಲಗೈ, ಇಲ್ಲಿಯೂ ನಮ್ಮವಳಲ್ಲ ಎಂದುಕೊಂಡು ‘ಬಲ’ದ ಮನೆಯಲ್ಲಿ ಒಂದು ಗೀಟು ಹಾಕಿದೆ. ಪೆನ್ಸಿಲ್ ಇಟ್ಟ ಮೇಲೆ ಬುದ್ಧಿ ಓಡಿತು. ಎಲ್ಲ ಚಿತ್ರಗಳೂ ತಿರುಗುಮುರುಗು. ಎಡ ಕಂಡವರೆಲ್ಲ ನಿಜದಲ್ಲಿ ಬಲ. ಹಾಗಾದರೆ ಬಲ ಕಂಡವಳು? ನಾನು ಎದ್ದು ಹೋಗಿ ಕನ್ನಡಿಯ ಮುಂದೆ ನಿಂತು ನನ್ನ ಕೈಗಳನ್ನು ಎತ್ತಿ ನೋಡಿಕೊಂಡೆ. ಎರಡು ಸಲ ನೋಡಿಕೊಂಡೆ. ಬಾವಿಯೂ ಚಿತ್ರದಲ್ಲಿ ಎಡಕ್ಕಿತ್ತು. ಸಂಶಯಕ್ಕೆ ಜಾಗವಿರಲಿಲ್ಲ.

ಅದನ್ನು ನಾನು ಒಳ್ಳೆಯ ರೀತಿಯಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಮರುದಿನ ನನ್ನ ಒಂದು ಬಳೆ ಒಡೆದು, ಅಮ್ಮ ಅದರ ಬದಲಿಗೆ ಎರಡು ಹೊಸ ಬಳೆ ತಂದು ಏರಿಸಲು ಕುಳಿತಳು. ಎಣ್ಣೆ ಹಚ್ಚಿ ಬೆರಳು ಕೂಡಿಸಿ ಹಿಂಡುತ್ತಿದ್ದಳು. ನೋವಾಯಿತು.

“ನೀನೂ ರೊಡ್ಡಿನ ಇದ್ದಿ. ನಾ ನೋಡೇನಿ. ಎಲ್ಲಾರಿಗೂ ಹೇಳ್ತೇನಿ.”

ಅಮ್ಮನ ಕೈ ನಿಂತಿತು. ಅವಳು ಬೈಯಲಿಲ್ಲ. ನನ್ನ ಕೈಯನ್ನು ಮೆಲ್ಲಗೆ ನನ್ನ ತೊಡೆಯ ಮೇಲೆ ಇಟ್ಟು, ಎದ್ದು ಹೋಗಿ ಅಡುಗೆಮನೆಯ ಬಾಗಿಲು ಮುಂದಕ್ಕೆ ಹಾಕಿ ಬಂದಳು. ಎಲ್ಲಿ ನೋಡಿದೆ ಎಂದು ಕೇಳಿದಳು. ನಾನು ರೀಲಿನ ಸಂಗತಿ, ಡಬ್ಬಿಯ ಮೇಲಿನ ಹೆಸರು, ಮಾಳಿಗೆ, ಬಳೆ, ಎಲ್ಲ ಹೇಳಿದೆ. ಹೆಸರಿನ ಮಾತು ಬಂದಾಗ ಅವಳು ಅದನ್ನು ಇನ್ನೊಮ್ಮೆ ಹೇಳಿಸಿದಳು. ಆಮೇಲೆ ಹಿಟ್ಟಿನ ಡಬ್ಬಿಗೆ ಒರಗಿ ಕುಳಿತು ತಾನೂ ಹೇಳಿದಳು. ಅವಳ ತವರು ಆಡೂರು. ಎಡಗೈ ಹುಡುಗಿಯನ್ನು ಆಗ ಯಾರೂ ತಂದುಕೊಳ್ಳುತ್ತಿರಲಿಲ್ಲ, ಮನೆಯ ಲಕ್ಷ್ಮಿ ಎಡಕ್ಕೆ ಹೋಗುತ್ತಾಳೆಂದು ನಂಬಿಕೆ. ಕನ್ಯಾ ನೋಡಲು ಹಾನಗಲ್ಲಿನವರು ಬರುತ್ತಾರೆಂದು ಗೊತ್ತಾದ ಮೇಲೆ ಅವಳ ತಾಯಿ ಒಂದು ತಿಂಗಳು ಬಲಗೈಯಿಂದ ಹೆಸರು ಬರೆಯಿಸಿ, ನೀರು ಕೊಡಿಸಿ, ಅಡಿಕೆ ಎಲೆ ಕೊಡಿಸಿ ರೂಢಿ ಮಾಡಿಸಿದಳು. ಬಂದವರ ಮುಂದೆ ಅವಳ ತಂದೆ ವಿಭೂತಿ ಮುಟ್ಟಿ, ನಮ್ಮ ಹುಡುಗಿಗೆ ಒಂದೂ ಐಬಿಲ್ಲ ಎಂದು ಮಾತು ಕೊಟ್ಟ. ಆ ಮಾತಿನ ಮೇಲೆ ಲಗ್ನವಾಯಿತು. ಈ ಮನೆಗೆ ಬಂದ ಮೇಲೆ ಅವಳು ಬೇರೆಯವರ ಮುಂದೆ ಎಡಗೈ ಎತ್ತಲಿಲ್ಲ. ಬಲಗೈಗೆ ರಂಗೋಲಿ ಬಗ್ಗಲಿಲ್ಲ, ಆದ್ದರಿಂದ ಎಲ್ಲರ ಮುಂದೆ ರಂಗೋಲಿಯನ್ನೇ ಬಿಟ್ಟಳು, ಹಿತ್ತಲಲ್ಲಿ ಒಬ್ಬಳೇ ಇದ್ದಾಗ ಮಾತ್ರ ಹಾಕಿ ಅಳಿಸುತ್ತಿದ್ದಳು. ಅಮ್ಮನಿಗೆ ರಂಗೋಲಿ ಬರುವುದಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ಚಿತ್ರದಲ್ಲಿ ಕಂಡ ಆ ಬಳೆಗಳನ್ನು ಅವಳಿಗೆ ತೊಡಿಸಿದವರು ಯಾರು ಎಂದು ಕೇಳಿದೆ.

“ಯಾರೂ ಅಲ್ಲ. ನಾನ ಹಾಕ್ಕೊಂಡೆ. ನನ್ನ ಕೈ ನನಗ ಕೇಳಸ್ಲಿ ಅಂತ.”

ಎಣ್ಣೆಯ ಕೈ ಒರೆಸಿಕೊಂಡು, “ದೊಡ್ಡಮ್ಮಗ ತಿಳಿದ್ರ ನಮ್ಮಪ್ಪನ ಮಾತು ಸುಳ್ಳಾಗತೈತಿ ಗೌರಿ. ಅಂವ ಇಲ್ಲ ಈಗ. ಇಲ್ಲದವನ್ನ ಸುಳ್ಳಗಾರ ಅಂದ್ರ ಅಂವ ಹ್ಯಾಂಗ ಉತ್ತರಾ ಕೊಡ್ತಾನ?” ಎಂದಳು.

ಮರುದಿನ ಬೆಳಿಗ್ಗೆ ಅಮ್ಮ ನನ್ನನ್ನು ಕರೆದುಕೊಂಡು ಶಿಗ್ಗಾವಿಯ ಬಸ್ಸು ಹತ್ತಿದಳು. ಮನೆಯಲ್ಲಿ ಬಳೆ ತರಲು ಹೋಗುತ್ತೇವೆಂದು ಹೇಳಿದ್ದಳು. ಇಮಾಮಸಾಬರು ಅಮ್ಮನಿಗೆ ಕುರ್ಚಿ ಹಾಕಿ, ಚಹಾ ತರಿಸಿದರು. ಒಂಬತ್ತನೆಯ ರೀಲನ್ನು ಬಿಟ್ಟುಬಿಡಲು ಸಾಧ್ಯವೇ ಎಂದು ಅಮ್ಮ ಕೇಳಿದಳು. ಕಾರಣವನ್ನು ಅವಳು ಹೇಳಲಿಲ್ಲ. ಅವರು ರೀಲನ್ನು ಕಂಪ್ಯೂಟರಿನಲ್ಲಿ ಹಾಕಿ ಒಮ್ಮೆ ನೋಡಿ, ಇನ್ನೂ ತಿರುವದ ಆ ಚಿತ್ರದಲ್ಲಿ ಬಲಗೈ ಕಂಡು, ಅಮ್ಮನ ಕೈ ನೋಡಿ, ತಾವೇ ತಿಳಿದುಕೊಂಡರು.

“ಬಿಡೂದ ಯಾಕ ಅಕ್ಕಾರ? ಹನ್ನೊಂದು ಡಬ್ಬಿ ಕೊಟ್ಟಾರ, ಹತ್ತ ಬಂದ್ರ ನಿಮ್ಮ ಮಗ ಕೇಳ್ತಾನ. ಇದೊಂದನ್ನ ತಿರುವೂದ ಬ್ಯಾಡ, ಹಿಂಗ ಬಿಡೂಣು. ಬಲಗೈ ಆಗೇ ಉಳೀತೈತಿ. ಖುದಾನ ಕಸಮ್, ನನ್ನ ಬಾಯಿಂದ ಮಾತು ಹೊರಗ ಹೋಗಂಗಿಲ್ಲ.”

ಒಂದು ಗುಂಡಿ ಒತ್ತದೆ ಬಿಟ್ಟರೆ ಸಾಕಿತ್ತು. ಅಮ್ಮ ಪರದೆಯನ್ನೇ ನೋಡುತ್ತಿದ್ದಳು. ರಂಗೋಲಿಯ ಗೆರೆ ಸುತ್ತಿ ಬಂದು ಕೂಡಿತು. ರೊಟ್ಟಿ ಅಗಲವಾಯಿತು. ಅವಳು ಇನ್ನೊಮ್ಮೆ ಹಾಕಲು ಹೇಳಿದಳು, ಮತ್ತೊಮ್ಮೆ ಹೇಳಿದಳು. ಒಟ್ಟು ನಾಲ್ಕು ಸಲ. ನಾಲ್ಕನೆಯ ಸಲ ಅವಳ ಕಣ್ಣು ತನ್ನ ಮೇಲೆ ಇರಲಿಲ್ಲ, ಹಿತ್ತಲ ಮೇಲಿತ್ತು.

“ಬಾವಿ ಆ ಕಡಿ ಹೋಗೇತಲ್ರಿ.”

“ತಿರುವ್ಲಿಲ್ಲಂದ್ರ ಬಾವಿನೂ ಹಂಗ ಉಳೀತೈತ್ರಿ.”

ಅಮ್ಮ ಚಹಾದ ಬಸಿಯನ್ನು ಕೆಳಗಿಟ್ಟಳು. “ನನ್ನ ಸಲುವಾಗಿ ಬಾವಿ ಯಾಕ ಸರಸ್ತೀರಿ? ತಿರುವಿಬಿಡ್ರಿ. ಎಲ್ಲಾರೂ ಮಾರಿ ನೋಡ್ತಾರ, ಕೈ ಯಾರ ನೋಡ್ತಾರ?”

ಬಸ್ಸಿನಲ್ಲಿ ಅವಳು ನನ್ನಿಂದ ಮಾತು ತೆಗೆದುಕೊಂಡಳು, ಯಾರಿಗೂ ಹೇಳಬಾರದೆಂದು. ನಾನು ಕೊಟ್ಟೆ. ಕೊಟ್ಟ ಮೇಲೆ, ಹಾಗಾದರೆ ನನ್ನ ಬಳೆ ತೆಗೆಯಬಹುದೇ ಎಂದು ಕೇಳಿದೆ. ಅದು ಬೇರೆ, ಇದು ಬೇರೆ ಎಂದಳು. ನಾಳೆ ನಿನ್ನನ್ನು ನೋಡಲು ಬರುವವರೂ ಕೈಯನ್ನೇ ನೋಡುತ್ತಾರೆ, ಆಗ ನಿನ್ನಪ್ಪ ಯಾವ ಸುಳ್ಳು ಹೇಳಬೇಕು ಎಂದಳು. ಅಂದಿನ ಪುಟದಲ್ಲಿ ‘ಕೈ’ಯ ಮನೆಯಲ್ಲಿ ಹದಿನಾಲ್ಕು ಎಂದಿದೆ. ಅಷ್ಟೆಲ್ಲ ಆದ ಮೇಲೂ ಹದಿನಾಲ್ಕು ಸಲ ಕೂಗಿದ್ದಳು. ನನ್ನ ಪಾಲಿಗೆ ಏನೂ ಬದಲಾಗುವುದಿಲ್ಲ ಎಂದು ತಿಳಿದು ನಾನು ಮಾಳಿಗೆಯ ಮೇಲೆ ಹೋಗಿ ಅತ್ತೆ.

ದೊಡ್ಡಮ್ಮ ಬಂದದ್ದು ಭಾನುವಾರ, ಕಪ್ಪು ಕನ್ನಡಕ ಹಾಕಿಕೊಂಡು, ಒಂದು ಚೀಲ ಶೇಂಗಾ ಹೊತ್ತುಕೊಂಡು. ಊಟಕ್ಕೆ ಮೊದಲೇ ರೀಲು ನೋಡಬೇಕೆಂದಳು. ಕಿಟಕಿಗೆ ಕಂಬಳಿ ಕಟ್ಟಿದೆವು. ಲಗ್ನದ ರೀಲು ಬಂತು. ಈ ಸಲ ಎಲ್ಲರೂ ಬಲಗೈಯಿಂದ ಉಣ್ಣುತ್ತಿದ್ದರು. ಬಾಸಿಂಗ ಕಟ್ಟಿಕೊಂಡ ಮದುಮಗ ದೊಡ್ಡಜ್ಜ ಪರದೆಯ ಮೇಲೆ ಬಂದಾಗ ದೊಡ್ಡಮ್ಮ ಕನ್ನಡಕ ತೆಗೆದಳು. ಅಳುತ್ತಾಳೆಂದುಕೊಂಡೆವು. ಇಷ್ಟು ಸಣ್ಣ ಮೀಸೆ ಇತ್ತೆಂದು ಮರೆತೇಬಿಟ್ಟಿದ್ದೆ ಎಂದು ನಕ್ಕಳು. ಮುತ್ತಜ್ಜನ ಪೂಜೆಗೆ ಎಲ್ಲರೂ ಕೈ ಮುಗಿದರು. ಒಂಬತ್ತನೆಯದು ಶುರುವಾದಾಗ ಅಮ್ಮ ನನ್ನ ಪಕ್ಕದಲ್ಲಿ ಕುಳಿತಿದ್ದಳು. ರಂಗೋಲಿ ಮುಗಿಯಿತು, ಕೈಯ ಮೇಲೆ ಯಾರ ಕಣ್ಣೂ ಬೀಳಲಿಲ್ಲ. ಅವ್ವ, ಎಷ್ಟು ಚಂದ ಹಾಕ್ತಿದ್ರಲ್ಲ ಎಂದಳು. ರೊಟ್ಟಿ ಬಡಿಯುವುದು ಬಂದಾಗ ದೊಡ್ಡಮ್ಮ ಮುಂದಕ್ಕೆ ಬಗ್ಗಿದಳು.

“ಏ ಮಲ್ಲ್ಯಾ, ಇದೊಂದು ತಿರುವೂದ ಮರ್ತಾನ ನೋಡೋ ನಿಮ್ಮ ಸಾಬ. ನಿಂಗವ್ವ ಎಡಗೈಲೆ ಬಡ್ಯಾಕತ್ತಾಳ. ನನಗ ಹೊಸಾ ಕಣ್ಣು ಅದಾವಪಾ, ಎಲ್ಲಾ ಕಾಣತಾವ.”

ಎಲ್ಲರೂ ನಕ್ಕರು. ಅಮ್ಮನೂ ಸ್ವಲ್ಪ ನಕ್ಕಳು. ದಾರಿ ತಾನಾಗಿ ತೆರೆದಿತ್ತು, ಸುಮ್ಮನಿದ್ದರೆ ಸಾಕಿತ್ತು. ಆದರೆ ಕಾಕಾನಿಗೆ ಒಂದೇ ಕೆಲಸ ಎರಡು ಸಲ ಕೆಟ್ಟಿತೆಂದು ಸಿಟ್ಟು ಬಂತು. ರೀಲು ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿ ಇಮಾಮಸಾಬರಿಗೆ ಫೋನು ಮಾಡಿದ. ಒಂಬತ್ತನೆಯ ರೀಲನ್ನು ತಿರುವಿಯೇ ಇಲ್ಲ, ಹಿರಿಯರನ್ನು ಕೂಡಿಸಿಕೊಂಡು ನೋಡುತ್ತಿದ್ದೇವೆ, ಮರ್ಯಾದೆ ಹೋಯಿತು ಎಂದ. ಆ ಕಡೆಯಿಂದ ಇಮಾಮಸಾಬರ ದನಿ ಬಂತು.

“ಹೌದ್ರಿ. ತಪ್ಪಾತ್ರಿ. ವಯಸ್ಸಾತು ನೋಡ್ರಿ, ನೆನಪು ಉಳ್ಯಾಂಗಿಲ್ಲ. ಕಳಸಿಕೊಡ್ರಿ, ತಿರುವಿ ಕೊಡ್ತೇನಿ.”

“ಎರಡನೇ ಸಲ ಇದು. ಬರದಿದ್ರ ಈ ಕೆಲಸಾ ಯಾಕ ಹಿಡೀತೀರಿ? ಊರಾಗ ಇನ್ನ ಯಾರಿಗೂ ನಿಮ್ಮ ಹೆಸರ ಹೇಳಂಗಿಲ್ಲ ನಾವು.”

“ಹೂನ್ರಿ. ನನ್ನ ತಪ್ಪ ಐತಿ.”

ಅಮ್ಮ ಎದ್ದಳು. ಕಾಕಾನ ಹತ್ತಿರ ಹೋಗಿ ನಿಂತಳು. ಪರದೆಯ ಮೇಲೆ ಆ ಇಪ್ಪತ್ತರ ಹೆಂಗಸು ಎಡಗೈ ಎತ್ತಿಕೊಂಡು ಹಾಗೆಯೇ ಕುಳಿತುಬಿಟ್ಟಿದ್ದಳು.

“ಅವರನ್ನ ಬೈಬ್ಯಾಡ ಮಲ್ಲೂ. ಅವರು ಬರೋಬರಿ ಮಾಡ್ಯಾರ. ನಾನ ರೊಡ್ಡಿ.”

ಕಾಕಾನಿಗೆ ಅರ್ಥವಾಗಲಿಲ್ಲ. ಅಮ್ಮ ಇನ್ನೊಮ್ಮೆ ಹೇಳಿದಳು, ಹುಟ್ಟಿನಿಂದ ಎಡಗೈಯವಳೆಂದೂ, ಅದನ್ನು ಮುಚ್ಚಿ ತನ್ನ ತಂದೆ ಮಾತು ಕೊಟ್ಟನೆಂದೂ, ಅದು ಅವನ ತಪ್ಪೇ ಎಂದೂ, ಸತ್ತವನ ತಪ್ಪು ಮುಚ್ಚಲು ಬದುಕಿರುವವರ ಹೆಸರು ಕೆಡಿಸಲಾರೆನೆಂದೂ. ಲೆಕ್ಕ ಒಪ್ಪಿಸುವವರ ಹಾಗೆ, ಒಂದಾದ ಮೇಲೆ ಒಂದು ಹೇಳಿದಳು. ದೊಡ್ಡಮ್ಮ ಅಮ್ಮನ ಕಡೆ ತಿರುಗಿದಳು.

“ಇಷ್ಟು ವರ್ಷ ನನ್ನ ಮಗ್ಗಲದಾಗ ಕುಂತು ಬಲಗೈಲೆ ಉಂಡೆಲ್ಲ ಬೇ?”

“ಉಂಡೆ ಅಕ್ಕಾ. ರುಚಿ ಹತ್ತಲಿಲ್ಲ, ಅಷ್ಟ.”

ದೊಡ್ಡಮ್ಮ, “ನಮ್ಮ ಅತ್ತಿ ಮುದುಕಿಗೆ ತಿಳಿದಿದ್ರ ನಿನ್ನ ಆಡೂರಿಗೆ ಕಳಸ್ತಿದ್ಲು. ಛಲೋ ಆತು ತಿಳೀಲಿಲ್ಲ. ನಿನ್ನಂಗ ರೊಟ್ಟಿ ಬಡಿಯೂರು ಯಾರಿದ್ರು ಈ ಮನ್ಯಾಗ?” ಎಂದಳು. ಕಾಕಾ ಕೈಯಲ್ಲಿದ್ದ ಫೋನನ್ನು ನೋಡಿದ. ಇಮಾಮಸಾಬರು ಇನ್ನೂ ಇಟ್ಟಿರಲಿಲ್ಲ. ಕಾಕಾ ಅವರ ಕ್ಷಮೆ ಕೇಳಿದ. ಎರಡು ಸಲ ಕೇಳಿದ.

ಉಳಿದ ಎರಡು ರೀಲು ನೋಡಿ ಊಟಕ್ಕೆ ಎದ್ದೆವು. ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿ. ನಾನು ಯಾವ ಕೈ ಮುಂದೆ ಹೋಗಬೇಕೆಂದು ತಿಳಿಯದೆ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು ತಾಟಿನ ಮುಂದೆ ಕುಳಿತಿದ್ದೆ. ಅಮ್ಮ ರೊಟ್ಟಿಯ ಬುಟ್ಟಿ ಹಿಡಿದು ಬಡಿಸುತ್ತಾ ನನ್ನ ಮುಂದೆ ಬಂದು ನಿಂತಳು.

“ಕೈ ತೊಳಕೊಂಡಿ?”

“ಹೂಂ.”

“ಎರಡೂ?”

“ಎರಡೂ.”

“ಹಂಗಾರ ಉಣ್ಣು. ರೊಟ್ಟಿ ಆರತೈತಿ.”